ಯೋನನ ಮೀನಿನ ಬಗ್ಗೆ ನಿನಗೊಂದು ಪತ್ರ

ಪ್ರೀತಿಯ ಶರ್ಮಿಳಾ,

ಕರ್ತನ ಹೆಸರಿನಲ್ಲಿ ವಂದನೆ. ಸಂಡೇ ಸ್ಕೂಲಿನ ದೊಡ್ಡ ಮಕ್ಕಳ ಕ್ಲಾಸನ್ನು ನಿನಗೆ ವಹಿಸಿದ್ದಾರೆಂದು ನಿನ್ನಮ್ಮ ಹೇಳಿದಳು, ಸಂತೋಷ. ಬೈಬಲಿನ ಯೋನನ ಕಥೆ ಗೊತ್ತಲ್ಲ: ಶತ್ರುಗಳಾದ ಅಶ್ಶೂರದವರ ನಿನೆವೆ ಪಟ್ಟಣಕ್ಕೆ ಹೋಗಿ ಸಾರು ಎಂದು ದೇವರು ಹೇಳಿದರೆ ಪ್ರವಾದಿ ತಪ್ಪಿಸಿಕೊಂಡು ಓಡುತ್ತಾನೆ, ದೊಡ್ಡ ಮೀನು ಅವನನ್ನು ನುಂಗಿ ಮೂರು ದಿನದ ಮೇಲೆ ಕಾರುತ್ತದೆ, ಆಮೇಲೆ ಹೋಗಿ ಸಾರಿದಾಗ ಊರೆಲ್ಲ ಪಶ್ಚಾತ್ತಾಪಪಡುತ್ತದೆ. ಆದರೆ ಅದು ನಿಜವೆಂದು ತೋರಿಸಲು ನೀನು ವಾಟ್ಸಾಪಿನಲ್ಲಿ ಕಳಿಸಿದ್ದೀಯಲ್ಲ, ತಿಮಿಂಗಿಲದ ಹೊಟ್ಟೆಯಿಂದ ಬದುಕಿ ಬಂದ ನಾವಿಕನ ಕಥೆ, ಅದನ್ನು ಮಾತ್ರ ಮಕ್ಕಳ ಮುಂದೆ ಇಡಬೇಡ ಮಗಳೇ.

1891ರಲ್ಲಿ ಫಾಕ್‌ಲ್ಯಾಂಡ್ ದ್ವೀಪಗಳ ಹತ್ತಿರ ‘ಸ್ಟಾರ್ ಆಫ್ ದಿ ಈಸ್ಟ್’ ಹಡಗಿನ ಜೇಮ್ಸ್ ಬಾರ್ಟ್ಲಿಯನ್ನು ತಿಮಿಂಗಿಲ ನುಂಗಿತು, ಹೊಟ್ಟೆ ಸೀಳಿದಾಗ ಜೀವಂತ ಸಿಕ್ಕ ಎಂಬ ಈ ಸುದ್ದಿ ನೂರು ವರ್ಷದಿಂದ ಓಡಾಡುತ್ತಿದೆ. ಎಡ್ವರ್ಡ್ ಡೇವಿಸ್ ಎಂಬ ಅಮೆರಿಕದ ಇತಿಹಾಸಕಾರರು ಇದರ ಬೆನ್ನು ಹತ್ತಿ ಹೋದರು. ಅವರೂ ಕ್ರೈಸ್ತರೇ. ಹಡಗು ಇದ್ದದ್ದು ನಿಜ, ಆದರೆ ಅದು ತಿಮಿಂಗಿಲ ಬೇಟೆಯ ಹಡಗಲ್ಲ. ಸಿಬ್ಬಂದಿಯ ಪಟ್ಟಿಯಲ್ಲಿ ಬಾರ್ಟ್ಲಿಯ ಹೆಸರೇ ಇಲ್ಲ. ಕ್ಯಾಪ್ಟನ್ನನ ಹೆಂಡತಿಯೇ ಈ ಕಥೆಯಲ್ಲಿ ಸತ್ಯವಿಲ್ಲವೆಂದು ಪತ್ರ ಬರೆದಿದ್ದಳು. ಇಂಥದ್ದನ್ನು ಸಾಕ್ಷಿ ಎಂದು ಹೇಳಿಕೊಟ್ಟರೆ, ನಾಳೆ ಹುಡುಗನೊಬ್ಬ ಮೊಬೈಲಿನಲ್ಲಿ ಹುಡುಕಿ ನೋಡಿ, ಬೈಬಲಿನ ಮಾತೂ ಇಷ್ಟೇ ಎಂದುಕೊಳ್ಳುತ್ತಾನೆ.

ಹಾಗಾದರೆ ದೊಡ್ಡಪ್ಪ, ಯೋನನ ಕಥೆ ನಡೆದದ್ದೋ ಇಲ್ಲವೋ ಎಂದು ಕೇಳುತ್ತೀ. ಯೋನನೆಂಬ ಪ್ರವಾದಿ ಇದ್ದ. ಅರಸುಗಳ ಎರಡನೆಯ ಪುಸ್ತಕದ 14ನೇ ಅಧ್ಯಾಯ ತೆಗೆದು ನೋಡು: ಗತ್‌ಹೇಫೆರಿನವನು, ಅಮಿತ್ತೈಯ ಮಗ, ಇಸ್ರಾಯೇಲಿನ ಅರಸ ಎರಡನೆಯ ಯಾರೊಬ್ಬಾಮನ ಕಾಲದವನು. ಅಂದರೆ ಕ್ರಿ.ಪೂ. 8ನೇ ಶತಮಾನ. ಅಲ್ಲಿ ಮೀನೂ ಇಲ್ಲ, ನಿನೆವೆಯೂ ಇಲ್ಲ. ಅವನ ಹೆಸರಿನ ಪುಸ್ತಕ ಬರೆದದ್ದು ಅವನ ಕಾಲಕ್ಕೆ ಬಹಳ ಈಚೆಗೆ ಎಂದು ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ. ನಾನೂ ಅದನ್ನು ಒಂದು ಸಾಮ್ಯವೆಂದೇ, ಅಂದರೆ ಪಾಠ ಹೇಳಲು ಕಟ್ಟಿದ ಕಥೆಯೆಂದೇ ಓದುತ್ತೇನೆ.

ಮೀನನ್ನು ನಂಬಲಾಗದೆ ಹೀಗೆ ಹೇಳುತ್ತಿಲ್ಲ. ದೇವರಿಗೆ ಮೀನೊಂದು ಲೆಕ್ಕವೇ? ನನಗೆ ತೊಡಕಾಗುವುದು ನಿನೆವೆ. ಮೂರು ದಿನ ನಡೆಯುವಷ್ಟು ದೊಡ್ಡ ಪಟ್ಟಣ ಎನ್ನುತ್ತದೆ ಪುಸ್ತಕ. ಇರಾಕಿನ ಮೋಸುಲ್ ನಗರದ ಎದುರು, ಟೈಗ್ರಿಸ್ ನದಿಯಾಚೆ ಅದರ ಗೋಡೆಗಳು ಇಂದಿಗೂ ಇವೆ, ಸುತ್ತಳತೆ ಸುಮಾರು 12 ಕಿಲೋಮೀಟರ್. ಅದೂ ಯೋನನ ಕಾಲದ ನಂತರ ಅಶ್ಶೂರದ ಅರಸ ಸನ್ಹೇರೀಬ ಅದನ್ನು ರಾಜಧಾನಿ ಮಾಡಿ ಬೆಳೆಸಿದ ಮೇಲಿನ ಅಳತೆ. ಅಲ್ಲಿ ಅಗೆದಾಗ ಸಾವಿರಾರು ಮಣ್ಣಿನ ಹಲಗೆಗಳು ಸಿಕ್ಕಿದವು. ಇಡೀ ಪಟ್ಟಣ ಇಸ್ರಾಯೇಲಿನ ದೇವರ ಕಡೆ ತಿರುಗಿತೆಂಬ ಮಾತು ಅಶ್ಶೂರದ ಬರಹಗಳಲ್ಲಿ ಎಲ್ಲೂ ಇಲ್ಲ. ಕ್ರಿ.ಪೂ. 763ರ ಸೂರ್ಯಗ್ರಹಣಕ್ಕೆ ಹೆದರಿ ಜನ ಪಶ್ಚಾತ್ತಾಪಪಟ್ಟಿರಬೇಕು ಎಂದು ಕೆಲವರು ವಾದಿಸುತ್ತಾರೆ. ಗ್ರಹಣ ಆದದ್ದು ನಿಜ, ಉಳಿದದ್ದು ಊಹೆ. ಇನ್ನು, ದನಕುರಿಗಳಿಗೂ ಗೋಣಿತಟ್ಟು ಹೊದಿಸಿ ಉಪವಾಸ ಕೆಡವಿದರು ಎಂಬಲ್ಲಿ ಬರೆದವನು ಒಳಗೊಳಗೇ ನಗುತ್ತಿದ್ದನೆಂದು ನನಗೆ ಅನುಮಾನ.

ಮೋಸುಲಿನಲ್ಲಿ ಯೋನನ ಸಮಾಧಿಯೇ ಇತ್ತಲ್ಲ ಎಂದು ಯಾರಾದರೂ ಕೇಳಬಹುದು. ಇತ್ತು. ಅದರ ಮೇಲಿದ್ದ ನಬಿ ಯೂನುಸ್ ಮಸೀದಿಯನ್ನು 2014ರಲ್ಲಿ ಐಸಿಸ್‌ನವರು ಸಿಡಿಸಿದರು. ಪಾಪದ ಕೆಲಸ. ಆದರೆ ನಜರೇತಿನ ಹತ್ತಿರವೂ ಯೋನನ ಸಮಾಧಿಯೊಂದಿದೆ.

ನಿನ್ನ ನಿಜವಾದ ಹೆದರಿಕೆ ನನಗೆ ಗೊತ್ತು. ಯೇಸುವೇ ಮತ್ತಾಯನ ಸುವಾರ್ತೆಯ 12ನೇ ಅಧ್ಯಾಯದಲ್ಲಿ ಯೋನನ ಮಾತೆತ್ತಿ, ಅವನು ಮೀನಿನ ಹೊಟ್ಟೆಯಲ್ಲಿದ್ದಂತೆ ತಾನೂ ಭೂಮಿಯೊಳಗೆ ಮೂರು ಹಗಲು ಮೂರು ರಾತ್ರಿ ಇರುವೆನು ಎಂದನಲ್ಲ. ಯೋನನ ಕಥೆ ಹೋದರೆ ಪುನರುತ್ಥಾನವೂ ಹೋಗುವುದಿಲ್ಲವೇ? ನಾವು ಹರಿಶ್ಚಂದ್ರನಂಥವನು ಎನ್ನುವಾಗ ಹರಿಶ್ಚಂದ್ರನ ಜಾತಕ ಕೇಳುತ್ತೇವೆಯೇ? ಆದರೂ ಎದುರು ಪಕ್ಷದ ವಾದ ಹಗುರವಲ್ಲ. ನಿನೆವೆಯವರು ನ್ಯಾಯತೀರ್ಪಿನಲ್ಲಿ ಎದ್ದು ನಿಲ್ಲುವರು ಎಂದು ಯೇಸು ಹೇಳುತ್ತಾನೆ, ಮರುವಚನದಲ್ಲೇ ಸೊಲೊಮೋನ ಅರಸನನ್ನು ನೋಡಲು ಬಂದ ರಾಣಿಯನ್ನೂ, ಎಲ್ಲರೂ ನಿಜವಾಗಿ ಇದ್ದವರೆಂಬಂತೆ, ಅದೇ ಸಾಲಿಗೆ ಸೇರಿಸುತ್ತಾನೆ. ಅದಕ್ಕೇ ನಿಜವಾದ ಘಟನೆ ಎಂದು ನಂಬುವವರನ್ನು ದಡ್ಡರೆಂದು ನಾನು ಹೇಳಲಾರೆ. ಆದರೆ ಪುನರುತ್ಥಾನದ ಬಗ್ಗೆ ಅಪೊಸ್ತಲ ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯದಲ್ಲಿ ಬರೆಯುವ ರೀತಿ ನೋಡು. ಎದ್ದುಬಂದ ಯೇಸುವನ್ನು ಕಂಡವರು ಕೇಫ (ಅಂದರೆ ಪೇತ್ರ), ಯಾಕೋಬ, ಐನೂರಕ್ಕೂ ಹೆಚ್ಚು ಸಹೋದರರು, ಅವರಲ್ಲಿ ಬಹುಮಂದಿ ಇನ್ನೂ ಬದುಕಿದ್ದಾರೆ ಎನ್ನುತ್ತಾನೆ. ಬೇಕಾದರೆ ಹೋಗಿ ಕೇಳಿ ಎನ್ನುವವನ ಧಾಟಿ ಅದು. ಯೋನನ ಪುಸ್ತಕ ನಿನೆವೆಯ ರಾಜನ ಹೆಸರನ್ನೂ ಹೇಳುವುದಿಲ್ಲ. ಎರಡೂ ಒಂದೇ ಜಾತಿಯ ಬರಹವಲ್ಲ. ಒಂದರ ಭಾರವನ್ನು ಇನ್ನೊಂದರ ಮೇಲೆ ಹೇರಬೇಡ.

ಕ್ಲಾಸಿನಲ್ಲಿ ನಾಲ್ಕೂ ಅಧ್ಯಾಯ ಓದಿಸು, ಒಟ್ಟು 48 ವಚನ, ಅರ್ಧ ಗಂಟೆಯೂ ಬೇಡ. ಮೀನಿಗೆ ಮೂರು ವಚನ ಸಿಕ್ಕಿದರೆ ಹೆಚ್ಚು. ನಾಲ್ಕನೆಯ ಅಧ್ಯಾಯದಲ್ಲಿ, ಶತ್ರುಗಳು ಉಳಿದುಕೊಂಡರಲ್ಲ ಎಂದು ಪ್ರವಾದಿ ಸಿಟ್ಟಿನಿಂದ ಕೂತಿರುತ್ತಾನೆ. ಅಲ್ಲಿ ಸ್ವಲ್ಪ ನಿಲ್ಲು, ಮಕ್ಕಳೇ ಮಾತಾಡಲಿ. ಯೋನನ ಕಾಲವಾದ ಮೇಲೆ, ಕ್ರಿ.ಪೂ. 722ರ ಹೊತ್ತಿಗೆ, ಇದೇ ಅಶ್ಶೂರದವರು ಇಸ್ರಾಯೇಲಿನ ರಾಜಧಾನಿ ಸಮಾರ್ಯವನ್ನು ಹಾಳುಮಾಡಿದರು ಎಂಬುದನ್ನು ಮೊದಲೇ ಹೇಳಿದ್ದರೆ, ಪುಸ್ತಕ ಬರೆದವನಿಗೆ ಆ ಸಿಟ್ಟು ಎಲ್ಲಿಂದ ಬಂತೆಂದು ಅವರಿಗೂ ತಿಳಿದೀತು.

ನಿಜವೋ ಕಥೆಯೋ ಎಂದು ಯಾರಾದರೂ ಕೇಳಿದರೆ ಎರಡೂ ಕಡೆಯ ಮಾತು ಹೇಳಿ, ನಿನಗೇನು ಅನಿಸುತ್ತದೆಂದೂ ಹೇಳು. ಆದರೆ ಅದಕ್ಕೆ ಮೊದಲು ಸಭಾಪಾಲಕರ ಹತ್ತಿರ ಹೋಗಿ ಮಾತಾಡು. ಅವರು ಅಕ್ಷರಶಃ ನಂಬುವವರು, ಮಕ್ಕಳ ಬಾಯಿಂದ ಸುದ್ದಿ ತಿಳಿದರೆ ಬೇಸರಪಟ್ಟುಕೊಳ್ಳುತ್ತಾರೆ.

ಇತಿ,
ನಿನ್ನ ದೊಡ್ಡಪ್ಪ