ಕ್ಷಮೆ, ಯಾವ ಭಾಷೆಯದ್ದು?

ನಮ್ಮ ಪತ್ರಿಕೆಯ ಕಳೆದ ಸಂಚಿಕೆಯಲ್ಲಿ ಒಂದು ಎಡವಟ್ಟಾಯಿತು. ನಮ್ಮ ಮಕ್ಕಳ ಕನ್ನಡ ತರಗತಿ ಶುರು ಮಾಡಿದ ಟೀಚರ ಫೋಟೋ ಕೆಳಗೆ ಬೇರೆ ಯಾರದೋ ಹೆಸರು ಅಚ್ಚಾಯಿತು. ಟೀಚರು ಈಗ ಊರಿಗೆ ಮರಳಿ ಕಾಸರಗೋಡಿನ ಬದಿಯಡ್ಕದಲ್ಲಿದ್ದಾರೆ.

2ನೇ ಪುಟಕ್ಕೆ ತಿದ್ದುಪಡಿ ಬರೆಯಲು ಕೂತೆ. ಪೇಪರಿನವರ ರೂಢಿಯಂತೆ 'ತಪ್ಪಿಗೆ ವಿಷಾದಿಸುತ್ತೇವೆ' ಎಂದು ಬರೆದೆ. ಓದಿ ನನಗೇ ನಗು ಬಂತು. ವಿಷಾದ ಪಡಲು ತಪ್ಪು ಮಾಡಿಯೇ ಇರಬೇಕೆಂದಿಲ್ಲ. ಬಸ್ಸು ತಪ್ಪಿದವನಿಗೂ ವಿಷಾದ ಇರುತ್ತದೆ, ಅಲ್ವಾ? ಅದನ್ನು ಹೊಡೆದು 'ಕ್ಷಮಿಸಿ' ಎಂದು ಬರೆದೆ. ಬರೆದ ಕೂಡಲೇ ಅಪ್ಪ ನೆನಪಾದರು.

1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಕಚೇರಿಗಳ ಮಾತು ಮೆಲ್ಲಮೆಲ್ಲ ಮಲಯಾಳವಾಯಿತು. ಅಪ್ಪನಿಗೆ ಅದು ಅಷ್ಟಕ್ಕಷ್ಟೇ. ಜಾಗದ ಒಂದು ಕಾಗದಕ್ಕಾಗಿ ನೀರ್ಚಾಲಿನಿಂದ ಆರು ಸಲ ಬಸ್ಸು ಹತ್ತಿದ್ದರು. ಪ್ರತಿ ಸಲವೂ ಅಲ್ಲಿನ ಗುಮಾಸ್ತರದು ಒಂದೇ ಮಾತು: 'ಕೊರಚ್ಚು ಕ್ಷಮ ವೇಣಂ.' ಅಪ್ಪ ಮನೆಗೆ ಬಂದು ಕೊಡೆ ಮೂಲೆಗಿಟ್ಟು ಹೇಳುತ್ತಿದ್ದರು, "ಕೆಲಸ ಆಗಲಿಲ್ಲ. ಆದ್ರೆ ಜನ ಒಳ್ಳೆಯವ. ಪಾಪ, ಹೋದಾಗೆಲ್ಲ ಕ್ಷಮೆ ಕೇಳ್ತಾನೆ."

ಗುಮಾಸ್ತರು ಕೇಳಿದ್ದು ಸ್ವಲ್ಪ ತಾಳ್ಮೆ! ಮಲಯಾಳದಲ್ಲಿ 'ಕ್ಷಮಿಕ್ಕಣಂ' ಎಂದು ಮಾಫಿಯನ್ನೂ ಕೇಳುತ್ತಾರೆ, ಆದರೆ 'ಕ್ಷಮ' ಅಂದರೆ ಮೊದಲು ತಾಳ್ಮೆಯೇ. ಸಂಸ್ಕೃತದಲ್ಲೂ ಆ ಅರ್ಥ ಉಂಟು. ಎಲ್ಲವನ್ನೂ ಹೊತ್ತುಕೊಳ್ಳುವ ಭೂಮಿಗೂ ಅಲ್ಲಿ ಕ್ಷಮಾ ಎಂಬ ಹೆಸರಿದೆ. ಕನ್ನಡದ ದಿನಬಳಕೆಗೆ ಬರುವಾಗ ತಾಳ್ಮೆ ಎಲ್ಲೋ ದಾರಿಯಲ್ಲಿ ಇಳಿದುಹೋಯಿತು. ನಮ್ಮ 'ಮನ್ನಿಸು' ಇನ್ನೊಂದು ಥರ. ಅದಕ್ಕೆ ಗೌರವಿಸು ಎಂಬ ಅರ್ಥವೂ ಇದೆ, ಮನ್ನಣೆ ಅದರ ನೆಂಟ. ಚಂದದ ಮಾತು. ಆದರೆ ಕಾಲು ತುಳಿದಾಗ ಯಾರೂ 'ಮನ್ನಿಸಿ' ಅನ್ನುವುದಿಲ್ಲ, 'ಸಾರಿ' ಅಂದು ಮುಂದೆ ಹೋಗುತ್ತೇವೆ.

ನಮ್ಮ ಮನೆಯಲ್ಲಿ ಇದ್ದದ್ದು 'ತಪ್ಪಾಯ್ತು' ಒಂದೇ. ದೇವರಿಗಾದರೆ ತಪ್ಪುಕಾಣಿಕೆ. ಹೇಳಿಕೊಂಡ ಹರಕೆ ಮರೆತದ್ದು ನೆನಪಾದರೆ ಅಮ್ಮ ಒಂದು ನಾಣ್ಯವನ್ನು ಬಟ್ಟೆಯ ತುಂಡಿನಲ್ಲಿ ಗಂಟು ಕಟ್ಟಿ ದೇವರ ದೀಪದ ಹತ್ತಿರ ಇಡುತ್ತಿದ್ದಳು, ಮಧೂರು ದೇವಸ್ಥಾನಕ್ಕೆ ಹೋದಾಗ ಹಾಕಲು. ನನ್ನ ತಪ್ಪುಗಳಿಗೆ ನಾಣ್ಯ ಸಾಲುತ್ತಿರಲಿಲ್ಲ. ಒಮ್ಮೆ ಹಾಲಿನ ಪಾತ್ರೆ ಬೀಳಿಸಿ 'ತಪ್ಪಾಯ್ತು' ಅಂದೆ. ಅಮ್ಮ ನೆಲ ಒರೆಸುತ್ತಾ ತಲೆ ಎತ್ತದೆ ಕೇಳಿದಳು, "ಅದಾಗಿ ಆಯ್ತಾ, ನೀನು ಮಾಡಿದ್ದಾ?"

ಮೇಲೆ ನೋಡಿ, 'ಎಡವಟ್ಟಾಯಿತು', 'ಅಚ್ಚಾಯಿತು' ಎಂದು ಬರೆದಿದ್ದೇನೆ. ಮಾಡಿದ್ದು ನಾನೇ. ಹಳೆಯ ಫೈಲಿನಿಂದ ಹೆಸರು ಎತ್ತಿ ಹಾಕಿ, ಎರಡನೇ ಸಲ ನೋಡಲಿಲ್ಲ.

ಬದಿಯಡ್ಕಕ್ಕೆ ಫೋನ್ ಮಾಡಿದೆ. "ಟೀಚರೇ, ತಪ್ಪು ಮಾಡಿದೆ, ಕ್ಷಮಿಸಬೇಕು" ಅಂದೆ.

"ಕ್ಷಮೆ ಯಾವ ಭಾಷೆಯದ್ದು ಮಾರಾಯಾ, ಕನ್ನಡದ್ದಾ ಮಲಯಾಳದ್ದಾ?" ಅಂತ ನಕ್ಕರು. "ಮಲಯಾಳದ್ದಾದ್ರೆ ಮುಂದಿನ ಸಂಚಿಕೆ ಬರುವವರೆಗೆ ಉಂಟು. ಕನ್ನಡದ್ದು, ಹೆಸರು ಸರಿ ಬಂದ ಮೇಲೆ ನೋಡುವಾ."