ಮುಂದಿನ ಅಲಾಸ್ಕಾ ಟಿಕೆಟ್ ತೆಗೆಯುವ ಮೊದಲು

ಚಿ. ಸುಹಾಸನಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ಜುಲೈನಲ್ಲಿ ಅಪ್ಪ ಅಮ್ಮನನ್ನು ಕರೆದುಕೊಂಡು ಸಿಯಾಟಲ್‌ನಿಂದ ಅಲಾಸ್ಕಾ, ಆಮೇಲೆ ಕಾರಿನಲ್ಲಿ ಯೆಲ್ಲೊಸ್ಟೋನ್, ನವೆಂಬರ್ ರಜೆಗೆ ಫ್ಲಾರಿಡಾದಿಂದ ಕೆರಿಬಿಯನ್ ಹಡಗು. ಒಂದೇ ವರ್ಷದಲ್ಲಿ ಮನೆಮಂದಿಯೆಲ್ಲ ಇಷ್ಟು ಒಟ್ಟಿಗೆ ಓಡಾಡಿದ್ದು ಕೇಳಿ ತುಂಬಾ ಸಂತೋಷವಾಯಿತು. ಬರುವ ಬೇಸಿಗೆಗೆ ನಮ್ಮ ಸೊಸೆ ಮೇಘನಾಳ ಅಪ್ಪ ಅಮ್ಮನನ್ನೂ ಅಲಾಸ್ಕಾಗೆ ಕರೆಸುವ ಯೋಚನೆ ಇದೆಯಂತೆ. ಖಂಡಿತ ಕರೆಸು. ಆದರೆ ಟಿಕೆಟ್ ತೆಗೆಯುವ ಮೊದಲು ಈ ವರ್ಷದ ಪ್ರಯಾಣಗಳನ್ನು ಒಂದು ಸಲ ಕೂತು ನೋಡು. ಬಿಲ್ಲುಗಳು ಇಮೇಲಿನಲ್ಲಿ ಸಿಗುತ್ತಿರುವಾಗ, ಯಾವ ದಿನ ಯಾರಿಗೆ ಸುಸ್ತಾಯಿತು ಅನ್ನುವುದು ಮರೆಯುವ ಮುಂಚೆ ನೋಡಬೇಕು. ಹಿರಿಯರನ್ನು ಕರೆದುಕೊಂಡು ಹೋಗುವ ಪ್ರಯಾಣ ಸಮುದ್ರದಿಂದ ಕೆಡುವುದು ಕಡಿಮೆ. ಕಾಗದಪತ್ರ, ಹೊತ್ತು, ಊಟ, ಮಂಡಿ, ಈ ನಾಲ್ಕರಿಂದ ಕೆಡುವುದೇ ಹೆಚ್ಚು.

ಮೊದಲ ಕೆಲಸ, ಅಪ್ಪನಿಗೂ ಅಮ್ಮನಿಗೂ ಬೇರೆಬೇರೆಯಾಗಿ ಫೋನ್ ಮಾಡು. ಒಟ್ಟಿಗೆ ಕೇಳಿದರೆ ಒಬ್ಬರ ಮಾತಿಗೆ ಇನ್ನೊಬ್ಬರು ತಲೆಯಾಡಿಸಿ ಮುಗಿಸುತ್ತಾರೆ. "ಚೆನ್ನಾಗಿತ್ತಾ?" ಎಂದು ಕೇಳಬೇಡ. ಮಗ ಅಷ್ಟು ಖರ್ಚು ಮಾಡಿದ್ದಾನೆ, ಚೆನ್ನಾಗಿರಲಿಲ್ಲ ಎಂದು ಯಾವ ತಾಯಿ ಹೇಳುತ್ತಾಳೆ? ಯಾವ ದಿನ ಕಾಲು ಹೆಚ್ಚು ನೋವು ಬಂತು, ಯಾವ ಊಟ ಅರ್ಧಕ್ಕೆ ಬಿಟ್ಟಿರಿ, ರಾತ್ರಿ ಬಚ್ಚಲಿಗೆ ಏಳುವಾಗ ಕಷ್ಟವಾಯಿತೇ, ಮತ್ತೆ ಹೋಗುವುದಾದರೆ ಯಾವ ಒಂದು ದಿನ ಬೇಕು, ಹೀಗೆ ಕೇಳು. ಬಂದ ಉತ್ತರಗಳನ್ನು ಅವರ ಮಾತಿನಲ್ಲೇ ಬರೆದಿಡು. ಬೀಗರಿಗೆ ಯಾವ ಹಡಗು, ಯಾವ ಕೋಣೆ, ಯಾವ ಊರು ಅನ್ನುವುದನ್ನು ಕಂಪನಿಯ ಬಣ್ಣದ ಪುಸ್ತಿಕೆಗಿಂತ ಆ ಉತ್ತರಗಳೇ ಚೆನ್ನಾಗಿ ಹೇಳುತ್ತವೆ.

ಖರ್ಚಿನ ಲೆಕ್ಕಕ್ಕೆ ಅರ್ಧ ಗಂಟೆ ಸಾಕು. ಜಾಹೀರಾತಿನ ದರ ಒಂದು ಕಡೆ, ನಿಜವಾಗಿ ಕೊಟ್ಟಿದ್ದು ಇನ್ನೊಂದು ಕಡೆ ಬರೆ: ಬಂದರು ತೆರಿಗೆ, ಟಿಪ್ಸ್, ವೈಫೈ, ದಡದ ಪ್ರವಾಸಗಳು, ಹಿಂದಿನ ರಾತ್ರಿಯ ಹೋಟೆಲ್, ಪಾರ್ಕಿಂಗ್, ವಿಮೆ, ವೀಸಾ. ಟಿಪ್ಸ್ ಹಡಗಿನ ಖಾತೆಗೆ ತಲೆಗೆ ಇಷ್ಟು, ದಿನಕ್ಕಿಷ್ಟು ಎಂದು ತಾನಾಗಿ ಬೀಳುತ್ತದೆ. ದಿನಕ್ಕೆ 17 ಡಾಲರ್ ಎಂದು ಹಿಡಿದರೂ ನಾಲ್ವರಿಗೆ 7 ರಾತ್ರಿಗೆ 476 ಡಾಲರ್ ಆಗುತ್ತದೆ. ಕೋಣೆ ಶುಚಿ ಮಾಡುವವರಿಗೂ ಬಡಿಸುವವರಿಗೂ ಅದು ಸಂಬಳದ ಭಾಗವೇ, ತೆಗೆಸಲು ಹೋಗಬೇಡ. ಮೊದಲೇ ಲೆಕ್ಕದಲ್ಲಿ ಸೇರಿಸಿಕೊಂಡರೆ ಆಯಿತು.

ಕಾಗದಪತ್ರದ ವಿಷಯ ನಿಧಾನವಾಗಿ ಓದು. ಸಿಯಾಟಲ್‌ನಿಂದ ಹೊರಟು ಸಿಯಾಟಲ್‌ಗೇ ಬರುವ ಹಡಗು ಕೂಡ ಕೆನಡಾದ ವಿಕ್ಟೋರಿಯಾದಲ್ಲೋ ಪ್ರಿನ್ಸ್ ರೂಪರ್ಟ್‌ನಲ್ಲೋ ನಿಲ್ಲುತ್ತದೆ. ಇದಕ್ಕೆ ಕಾರಣ 1886ರ ಅಮೆರಿಕದ ಪ್ರಯಾಣಿಕ ಹಡಗುಗಳ ಕಾನೂನು. ದೊಡ್ಡ ಕ್ರೂಸ್ ಹಡಗುಗಳಲ್ಲಿ ಹೆಚ್ಚಿನವು ಬೇರೆ ದೇಶದ ಬಾವುಟದವು. ಅಂಥ ಹಡಗು ನಡುವೆ ಒಂದು ವಿದೇಶಿ ಬಂದರು ಮುಟ್ಟದೆ ಅಮೆರಿಕದ ಬಂದರುಗಳ ನಡುವೆ ಹೀಗೆ ಜನರನ್ನು ಸುತ್ತಿಸಿಕೊಂಡು ಬರುವಂತಿಲ್ಲ. ವಿಕ್ಟೋರಿಯಾದಲ್ಲಿ ಬಹಳ ಹಡಗುಗಳು ಸಂಜೆ ಬಂದು ಕೆಲವೇ ಗಂಟೆ ನಿಂತು ಹೊರಡುವುದು ಅದಕ್ಕೇ. ಇಳಿಯುವುದೇ ಇಲ್ಲವಲ್ಲ ಎಂದು ಕೆನಡಾ ವೀಸಾ ಬಿಡಬೇಡ. ಭಾರತದ ಪಾಸ್‌ಪೋರ್ಟಿನ ಮೇಲೆ ವಿಸಿಟರ್ ವೀಸಾದಲ್ಲಿ ಬಂದ ಹಿರಿಯರಿಗೆ ಕೆನಡಾ ವೀಸಾ ಇಲ್ಲದಿದ್ದರೆ ಸಿಯಾಟಲ್‌ನ ಕೌಂಟರಿನಲ್ಲೇ ನಿಲ್ಲಿಸುತ್ತಾರೆ, ದುಡ್ಡೂ ವಾಪಸ್ ಬರುವುದಿಲ್ಲ. ಅಮೆರಿಕದ ವೀಸಾ ಬಹುಪ್ರವೇಶದ್ದಾಗಿರಬೇಕು. ಪಾಸ್‌ಪೋರ್ಟ್ ತೆರೆದು 'ಎಂಟ್ರೀಸ್' ಎಂಬಲ್ಲಿ 'ಎಂ' ಅಕ್ಷರ ಇದೆಯೇ ನೋಡು.

ನಿನ್ನದೂ ನೋಡಿಕೊ. ಪಾಸ್‌ಪೋರ್ಟಿನಲ್ಲಿರುವ ಎಚ್-1ಬಿ ಕೆಲಸದ ವೀಸಾ ಮುದ್ರೆಯ ಅವಧಿ ಮುಗಿದಿದ್ದರೂ, ಅಮೆರಿಕದಲ್ಲಿ ಎಲ್ಲಿಯವರೆಗೆ ಇರಬಹುದು ಎಂದು ಹೇಳುವ ಐ-94 ದಾಖಲೆ ಚಾಲ್ತಿಯಲ್ಲಿದ್ದರೆ 30 ದಿನದೊಳಗಿನ ಕೆನಡಾ, ಮೆಕ್ಸಿಕೋ ಪ್ರಯಾಣಕ್ಕೆ ಮರುಪ್ರವೇಶದ ಸೌಲಭ್ಯವಿದೆ. ಕೆರಿಬಿಯನ್ ದ್ವೀಪಗಳಿಗೆ ಎಚ್-1ಬಿಯವರಿಗೆ ಅದು ಸಲ್ಲುವುದಿಲ್ಲ. ಅಲಾಸ್ಕಾಗೆ ಸರಿಹೋದ ಕಾಗದ ಬಹಾಮಾಸ್‌ಗೆ ಸಾಕಾಗದೆ ಇರಬಹುದು. ಪ್ರತಿ ಹಡಗಿಗೂ, ಅದು ಮುಟ್ಟುವ ಪ್ರತಿ ದೇಶಕ್ಕೂ ಹೊಸದಾಗಿ ಪರಿಶೀಲಿಸು. ಕ್ರೂಸ್ ಕಂಪನಿಗಳು ಪೂರ್ತಿ ಹಣವನ್ನು ಸಾಮಾನ್ಯವಾಗಿ ಹೊರಡುವ ಮೂರು ತಿಂಗಳ ಮುಂಚೆ ಕೇಳುತ್ತವೆ. ಆ ತಾರೀಕಿನೊಳಗೆ ವೀಸಾ ಕೈಗೆ ಬರುವಂತೆ ಅರ್ಜಿ ಹಾಕಿಸು.

ಇನ್ನು ಯಾವ ಬಂದರಿನಿಂದ ಹೊರಡುವುದು? ನನ್ನ ಅಭಿಪ್ರಾಯ ಕೇಳಿದರೆ ಬೀಗರಿಗೆ ವ್ಯಾಂಕೂವರ್ ಒಳ್ಳೆಯದು. ಸಿಯಾಟಲ್ ಹಡಗುಗಳಲ್ಲಿ ಹೆಚ್ಚಿನವು ವ್ಯಾಂಕೂವರ್ ದ್ವೀಪದ ಹೊರಬದಿಯಲ್ಲಿ, ತೆರೆದ ಪೆಸಿಫಿಕ್‌ನಲ್ಲಿ ಹೋಗುತ್ತವೆ. ಎರಡನೆಯ ದಿನ ಹಿರಿಯರು ಊಟ ಬಿಟ್ಟು ಮಲಗುವುದು ಆ ಅಲೆಯಿಂದ. ವ್ಯಾಂಕೂವರ್‌ನಿಂದ ಹೊರಟವು ದ್ವೀಪಗಳ ಮರೆಯಲ್ಲಿರುವ ಇನ್‌ಸೈಡ್ ಪ್ಯಾಸೇಜ್ ಹಿಡಿಯುತ್ತವೆ, ನೀರು ಬಹುಪಾಲು ಶಾಂತ. ಕೆನಡಾ ವೀಸಾ ಹೇಗೂ ಬೇಕು, ಅಲ್ಲಿಂದಲೇ ಹೊರಡಬಹುದು.

ಗ್ಲೇಸಿಯರ್ ಬೇ ಇರುವ ಮಾರ್ಗವನ್ನೇ ಆರಿಸು. ಅದು ಗ್ಲೇಸಿಯರ್‌ಗಳು, ಅಂದರೆ ಹಿಮನದಿಗಳು, ಇರುವ ಕೊಲ್ಲಿ, ರಾಷ್ಟ್ರೀಯ ಉದ್ಯಾನ, ದಿನಕ್ಕೆ ಎರಡೇ ಕ್ರೂಸ್ ಹಡಗುಗಳಿಗೆ ಅನುಮತಿ. ಹಾಗಾಗಿ ಎಲ್ಲ ಅಲಾಸ್ಕಾ ಹಡಗುಗಳೂ ಅಲ್ಲಿಗೆ ಹೋಗುವುದಿಲ್ಲ. 'ಗ್ಲೇಸಿಯರ್ ವೀಕ್ಷಣೆ' ಎಂದಷ್ಟೇ ಬರೆದಿದ್ದರೆ ಅದು ಬೇರೆ ಕೊಲ್ಲಿ ಇರಬಹುದು, ಹೆಸರು ಕೇಳಿ ಖಚಿತ ಮಾಡಿಕೊ. ಅಲ್ಲಿ ಇಳಿಯುವುದಿಲ್ಲ, ನಡೆಯುವುದಿಲ್ಲ, ಉದ್ಯಾನದ ರೇಂಜರ್‌ಗಳು ಹಡಗು ಹತ್ತಿ ಬಂದು ವಿವರಿಸುತ್ತಾರೆ. ಮಂಡಿನೋವಿನವರಿಗೆ ಇಡೀ ವಾರದಲ್ಲಿ ಅದೇ ಒಳ್ಳೆಯ ದಿನ. ಮಾರ್ಜರಿ ಗ್ಲೇಸಿಯರ್ ಎದುರು ಹಡಗು ನಿಂತು ನಿಧಾನವಾಗಿ ತಿರುಗುತ್ತದೆ, ಎಡಬದಿ ಬಲಬದಿ ಎರಡಕ್ಕೂ ನೋಟ ಸಿಗುತ್ತದೆ. ಜಾಗಕ್ಕೆ ನೂಕಾಡುವುದು ಬೇಡ. ಹಿಮದ ಗೋಡೆಯಿಂದ ತುಂಡು ಕಳಚಿ ಬೀಳುವುದು ಮೊದಲು ಕಣ್ಣಿಗೆ ಕಾಣುತ್ತದೆ. ಗುಡುಗಿನಂಥ ಸದ್ದು ಕ್ಷಣ ಬಿಟ್ಟು ಬರುತ್ತದೆ, ಆಮೇಲೆ ನೀರು ಉಬ್ಬಿ ತೇಲುವ ಚೂರುಗಳನ್ನು ಅಲ್ಲಾಡಿಸುತ್ತದೆ. ಸದ್ದು ಕೇಳಿದ ಮೇಲೆ ಫೋನ್ ಎತ್ತಿದರೆ ಬಿದ್ದದ್ದು ಸಿಗುವುದಿಲ್ಲ. ಗೋಡೆಯ ಬುಡದಲ್ಲಿ ಸಣ್ಣ ಪುಡಿ ಉದುರುತ್ತಿರುವ ಕಡೆ ಕಣ್ಣಿಟ್ಟು, ಮೊದಲೇ ವಿಡಿಯೋ ಹಾಕಿ ಹಿಡಿದುಕೊಂಡಿರಬೇಕು. ಜುಲೈನಲ್ಲೂ ಅಲ್ಲಿಯ ಗಾಳಿ ಎಲುಬು ಕೊರೆಯುತ್ತದೆ. ಥರ್ಮಲ್, ಸ್ವೆಟರ್, ಮೇಲೆ ಮಳೆ ಜಾಕೆಟ್, ಮಂಕಿ ಕ್ಯಾಪ್, ಕೈಗವಸು. ಸೀರೆಯೊಳಗೆ ಥರ್ಮಲ್ ಪ್ಯಾಂಟು ಹಾಕಿಕೊಳ್ಳಲು ನಿನ್ನ ಅತ್ತೆಯವರಿಗೆ ಮೇಘನಾ ಮೊದಲೇ ಹೇಳಲಿ. ಚಪ್ಪಲಿ ಬೇಡ, ನೀರು ಒಳಗೆ ಬಾರದ ಶೂ ಇರಲಿ. ಅಲಾಸ್ಕಾದ ಬಂದರು ಕೆಚಿಕನ್ ಅಮೆರಿಕದಲ್ಲೇ ಹೆಚ್ಚು ಮಳೆ ಬೀಳುವ ಊರುಗಳಲ್ಲಿ ಒಂದು.

ಕೋಣೆ ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಇರಲಿ. ಮುಂದೆ ಹಿಂದೆ ಹೋದಷ್ಟೂ ತೊನೆದಾಟ ಹೆಚ್ಚು, ಮೇಲೆ ಹೋದಷ್ಟೂ ಓಲಾಟ ಹೆಚ್ಚು. ಹಾಗೆಯೇ ಲಿಫ್ಟಿನ ಹತ್ತಿರ ಇರಲಿ, ಆ ಉದ್ದದ ಓಣಿಗಳಲ್ಲಿ ನಡೆದೇ ಹಿರಿಯರು ಸುಸ್ತಾಗುತ್ತಾರೆ. 'ಗ್ಯಾರಂಟಿ' ಎಂಬ ಅಗ್ಗದ ಟಿಕೆಟ್ ತೆಗೆದರೆ ಕೋಣೆಯನ್ನು ಕಂಪನಿಯೇ ಹಂಚುತ್ತದೆ. ನೀವು ಒಂದು ತುದಿ, ಅವರು ಇನ್ನೊಂದು ತುದಿ ಆಗಬಹುದು. ಅಕ್ಕಪಕ್ಕದ ಕೋಣೆ ಬೇರೆ, ಒಳಬಾಗಿಲು ಇರುವ ಕೋಣೆ ಬೇರೆ. ಎರಡನೆಯದು ಬೇಕಾದರೆ 'ಕನೆಕ್ಟಿಂಗ್' ಎಂದೇ ಕೇಳಬೇಕು.

ಬಚ್ಚಲಿನ ಬಾಗಿಲಲ್ಲಿ ಎತ್ತರದ ಹೊಸ್ತಿಲು ಇರುತ್ತದೆ, ಕಿಟಕಿಯಿಲ್ಲದ ಕೋಣೆಯಾದರೆ ರಾತ್ರಿ ಕಗ್ಗತ್ತಲು. ಎಡವಿ ಬೀಳುವುದು ಅಲ್ಲೇ. ಬ್ಯಾಟರಿಯ ಸಣ್ಣ ದೀಪ ಒಂದು ಜೊತೆಗಿರಲಿ. ಗೋಡೆಗಳು ಉಕ್ಕಿನವು, ಅಯಸ್ಕಾಂತದ ಕೊಕ್ಕೆ ಅಂಟುತ್ತದೆ. ಜಾಕೆಟ್, ಛತ್ರಿ, ಮಾತ್ರೆಯ ಚೀಲ ಅದಕ್ಕೇ ನೇತುಹಾಕಬಹುದು. ಇಸ್ತ್ರಿಪೆಟ್ಟಿಗೆ, ಕೆಟಲ್, ರೈಸ್ ಕುಕ್ಕರ್, ಸರ್ಜ್ ಪ್ರೊಟೆಕ್ಟರ್ ಇರುವ ಎಕ್ಸ್‌ಟೆನ್ಶನ್ ಬೋರ್ಡ್ ಇವನ್ನೆಲ್ಲ ಹತ್ತುವಾಗಲೇ ತೆಗೆದಿಟ್ಟುಕೊಳ್ಳುತ್ತಾರೆ. ಊದುಬತ್ತಿ, ಎಣ್ಣೆದೀಪವೂ ಹಚ್ಚುವಂತಿಲ್ಲ. ಮಾವನವರು ದಿನಾ ಪೂಜೆ ಮಾಡುವವರು, ಇದನ್ನು ಹೊರಡುವ ಮೊದಲೇ ಗೌರವದಿಂದ ತಿಳಿಸು. ಹಡಗಿನಲ್ಲಿ ಬೆಂಕಿಯಷ್ಟು ಭಯದ ಸಂಗತಿ ಇನ್ನೊಂದಿಲ್ಲ ಎಂದರೆ ಅವರು ಒಪ್ಪಿಯೇ ಒಪ್ಪುತ್ತಾರೆ. ಹೊರಡುವ ಮುಂಚಿನ ಸುರಕ್ಷತಾ ಡ್ರಿಲ್‌ಗೆ ಎಲ್ಲರನ್ನೂ ಕರೆದುಕೊಂಡು ಹೋಗು. 2012ರ ಜನವರಿಯಲ್ಲಿ ಇಟಲಿಯ ಜಿಲಿಯೋ ದ್ವೀಪದ ಬಳಿ ಕೋಸ್ಟಾ ಕಾಂಕಾರ್ಡಿಯಾ ಎಂಬ ಕ್ರೂಸ್ ಹಡಗು ಬಂಡೆಗೆ ಬಡಿದು 32 ಜನ ಸತ್ತರು. ಅಂದು ಹತ್ತಿದ ನೂರಾರು ಜನರಿಗೆ ಡ್ರಿಲ್ ಇನ್ನೂ ಆಗಿರಲಿಲ್ಲ. ನಿಯಮ ಬಿಗಿಯಾದದ್ದು ಆಮೇಲೆ.

ಊಟದ್ದು ಹೊರಡುವ ಒಂದೆರಡು ತಿಂಗಳ ಮುಂಚೆಯೇ ಬರೆದು ತಿಳಿಸು. 'ವೆಜಿಟೇರಿಯನ್' ಎಂದರೆ ಅವರಿಗೆ ಮೊಟ್ಟೆ ಬರುತ್ತದೆ. ಮೊಟ್ಟೆ ಬೇಡ, ಮೀನು ಬೇಡ, ಮಾಂಸದ ಸಾರು ಹಾಕಿದ ಸೂಪ್ ಬೇಡ, ಜೆಲಾಟಿನ್ ಬೇಡ ಎಂದು ಬಿಡಿಸಿ ಹೇಳಬೇಕು. ಜೆಲ್ಲಿ, ಮೂಸ್, ಪನ್ನಾಕೋಟಾದಲ್ಲಿ ಜೆಲಾಟಿನ್ ಇರುತ್ತದೆ. ಮೊದಲ ರಾತ್ರಿಯೇ ಡೈನಿಂಗ್ ರೂಮಿನ ಹೆಡ್ ವೇಟರ್‌ನನ್ನು ಕಂಡು ಮಾತಾಡು. ಹಿಂದಿನ ದಿನ ಹೇಳಿದರೆ ಮಾರನೆಯ ಸಂಜೆಗೆ ದಾಲ್, ಪಲ್ಯ ಮಾಡಿಕೊಡುವ ಅಡುಗೆಯವರು ಹೆಚ್ಚಿನ ದೊಡ್ಡ ಹಡಗುಗಳಲ್ಲಿ ಇದ್ದಾರೆ. ಬಫೆಯಲ್ಲಿ ಅನ್ನ, ಮೊಸರು ಸಿಗುತ್ತದೆ. ಚಟ್ನಿಪುಡಿ, ಉಪ್ಪಿನಕಾಯಿ ಅಂಗಡಿಯ ಸೀಲ್ ಮಾಡಿದ ಪೊಟ್ಟಣವೇ ಇರಲಿ, ಮನೆಯ ಡಬ್ಬಿಗೆ ಬಾಗಿಲಲ್ಲೇ ತಕರಾರು ಬರಬಹುದು. ಬಫೆಯ ಸೇಬನ್ನೋ ಬಾಳೆಹಣ್ಣನ್ನೋ ಕೈಚೀಲಕ್ಕೆ ಹಾಕಿಕೊಂಡು ಇಳಿಯಲು ಬಿಡಬೇಡ, ಕಸ್ಟಮ್ಸ್‌ನಲ್ಲಿ ದಂಡ ಬೀಳುತ್ತದೆ. ಊಟಕ್ಕೆ ಮೊದಲು ಸೋಪು ನೀರಿನಲ್ಲೇ ಕೈ ತೊಳೆಯಲಿ. ಹಡಗಿನಲ್ಲಿ ಹರಡುವ ವಾಂತಿಭೇದಿಗೆ ಹೆಚ್ಚಾಗಿ ಕಾರಣ ನೋರೋವೈರಸ್, ಅದಕ್ಕೆ ಸ್ಯಾನಿಟೈಸರ್ ಅಷ್ಟಾಗಿ ನಾಟುವುದಿಲ್ಲ.

ಮಾತ್ರೆಗಳೆಲ್ಲ ಕೈಚೀಲದಲ್ಲಿ. ಬಂದರಿನಲ್ಲಿ ಪೋರ್ಟರಿಗೆ ಕೊಟ್ಟ ಸೂಟ್‌ಕೇಸು ಕೋಣೆಗೆ ಬರುವುದು ಸಂಜೆಯಾಗಬಹುದು, ಮಧ್ಯಾಹ್ನದ ಶುಗರ್ ಮಾತ್ರೆ ಅದರೊಳಗೆ ಕೂತಿದ್ದರೆ ಕಷ್ಟ. ಕೊನೆಯ ರಾತ್ರಿಯೂ ಹಾಗೆಯೇ. ಸೂಟ್‌ಕೇಸುಗಳನ್ನು ಕೋಣೆಯ ಹೊರಗಿಟ್ಟ ಮೇಲೆ ಬೆಳಿಗ್ಗೆಗೆ ಬಟ್ಟೆ, ಪಾಸ್‌ಪೋರ್ಟ್, ಹಲ್ಲಿನ ಸೆಟ್ಟು ಒಳಗಿವೆಯೇ ಎಂದು ನೀನೇ ನೋಡು. ವಾಕರಿಕೆಗೆ ಅವೋಮಿನ್ ಅಲೆ ಶುರುವಾಗುವ ಮೊದಲೇ ತೆಗೆದುಕೊಂಡರೆ ಉಪಯೋಗ, ಆದರೆ ನಿದ್ದೆ ತರುತ್ತದೆ. ಗ್ಲಾಕೋಮಾ, ಪ್ರಾಸ್ಟೇಟ್ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ನುಂಗಬಾರದು. ವಿಮೆಯ ಅರ್ಜಿಯಲ್ಲಿ ಮಾವನವರ ಬಿಪಿ, ಶುಗರ್ ಮುಚ್ಚಿಡಬೇಡ. ಹಡಗಿನ ಡಾಕ್ಟರ ಫೀಸು ಖಾತೆಗೆ ಬೀಳುತ್ತದೆ, ಹೆಲಿಕಾಪ್ಟರಿನಲ್ಲಿ ಆಸ್ಪತ್ರೆಗೆ ಒಯ್ಯಬೇಕಾದರೆ ಆ ಬಿಲ್ಲು ವಿಮೆಯಿಲ್ಲದೆ ತಡೆಯಲಾಗದು.

ದಡದ ದಿನಗಳಿಗೆ ಒಂದು ಊರಿಗೆ ಒಂದೇ ಕೆಲಸ. ಸ್ಕ್ಯಾಗ್ವೇಯಲ್ಲಿ ವೈಟ್ ಪಾಸ್ ರೈಲು ಹತ್ತಿಸು. 1898ರಿಂದ 1900ರೊಳಗೆ ಕಟ್ಟಿದ ಮೂರಡಿ ಅಗಲದ ಹಳಿ, 2,800 ಅಡಿಗೂ ಮೇಲೆ ಹತ್ತುತ್ತದೆ, ಕೂತಲ್ಲೇ ಎಲ್ಲ ಕಾಣುತ್ತದೆ. ಅಲಾಸ್ಕಾ ಹೊತ್ತು ಸಿಯಾಟಲ್‌ಗಿಂತ ಒಂದು ಗಂಟೆ ಹಿಂದೆ. ಏರ್‌ಪ್ಲೇನ್ ಮೋಡ್‌ನಲ್ಲಿರುವ ಫೋನ್ ತಾನಾಗಿ ಬದಲಾಗದೆ ಇರಬಹುದು. ಹಿರಿಯರ ಕೈಗೆ ಸಾದಾ ಗಡಿಯಾರ ಕಟ್ಟಿ ಹಡಗಿನ ಸಮಯಕ್ಕೇ ಹೊಂದಿಸು. ಸ್ವಂತ ಟ್ಯಾಕ್ಸಿಯಲ್ಲಿ ಹೋದವರಿಗಾಗಿ ಹಡಗು ಕಾಯುವುದಿಲ್ಲ, ಹತ್ತುವ ಕಡೆಯ ಹೊತ್ತಿಗಿಂತ ಒಂದೂವರೆ ಗಂಟೆ ಮುಂಚೆ ಹಿಂದಿರುಗು. ಮುಂದೆಂದಾದರೂ ಅವರನ್ನು ಕೆರಿಬಿಯನ್‌ಗೂ ಕರೆದೊಯ್ದರೆ ಗ್ರ್ಯಾಂಡ್ ಕೇಮನ್ ಇರುವ ಮಾರ್ಗ ಬೇಡ. ಅಲ್ಲಿ ಹಡಗು ಕಟ್ಟೆಗೆ ಬರುವುದಿಲ್ಲ, ಓಲಾಡುವ ಸಣ್ಣ ದೋಣಿಗೆ ಕಾಲಿಟ್ಟು ಇಳಿಯಬೇಕು.

ಕಡೆಗೆ ಫೋಟೋ. ಎಲ್ಲರ ಫೋನಿನ ಚಿತ್ರಗಳನ್ನು ಒಂದೇ ಹಂಚಿಕೆಯ ಆಲ್ಬಮ್ಮಿಗೆ ಹಾಕಿಸು. ವಾಟ್ಸಾಪಿನಲ್ಲಿ ಸುಮ್ಮನೆ ಕಳಿಸಿದರೆ ಚಿತ್ರ ಕುಗ್ಗುತ್ತದೆ, ತೆಗೆದ ದಿನ, ಜಾಗದ ಮಾಹಿತಿಯೂ ಅಳಿಯುತ್ತದೆ. ಅದರಲ್ಲೇ ಕಳಿಸುವುದಾದರೆ 'ಡಾಕ್ಯುಮೆಂಟ್' ಆಗಿ ಕಳಿಸಬೇಕು. ಒಂದು ಫೋನ್ ಸಿಯಾಟಲ್ ಹೊತ್ತು, ಇನ್ನೊಂದು ಅಲಾಸ್ಕಾ ಹೊತ್ತು ತೋರಿಸುತ್ತಿದ್ದರೆ ಕ್ರಮ ಕಲಸಿಹೋಗುತ್ತದೆ. ಒಬ್ಬರ ಚಿತ್ರಗಳನ್ನು ಒಟ್ಟಿಗೆ ಒಂದು ಗಂಟೆ ಸರಿಸಿದರೆ ಸರಿಹೋಗುತ್ತದೆ. ಹಿಮದ ಗೋಡೆ ಒಂದೇ ಥರದ್ದು ಐವತ್ತು ಇರುತ್ತವೆ, ಮೂರು ಇಟ್ಟು ಉಳಿದದ್ದು ಅಳಿಸು. ಜನ ಇರುವ ಚಿತ್ರ ಅಳಿಸಬೇಡ, ಮಸುಕಾಗಿದ್ದರೂ ಇರಲಿ. ನಲವತ್ತು ಆರಿಸಿ 4×6 ಇಂಚಿನಲ್ಲಿ ಮುದ್ರಿಸಿ, ಹಿಂದೆ ಊರು, ತಾರೀಕು, ಯಾರ್ಯಾರು ಎಂದು ಪೆನ್ಸಿಲ್‌ನಲ್ಲಿ ಬರೆದು ಮೈಸೂರಿಗೆ ಕಳಿಸು. ಫೋನಿನಲ್ಲಿ ಬೆರಳಾಡಿಸಿ ನೋಡುವುದು ಅಪ್ಪ ಅಮ್ಮನಿಗೆ ರೂಢಿಯಿಲ್ಲ, ಬಂದವರಿಗೆ ತೋರಿಸಲು ಕೈಯಲ್ಲಿ ಹಿಡಿಯುವ ಆಲ್ಬಮ್ಮೇ ಬೇಕು. ಅದು ತಲುಪಿದ ದಿನ ವಿಡಿಯೋ ಕರೆ ಮಾಡಿ, ಒಂದೊಂದು ಪುಟ ತಿರುಗಿಸುತ್ತಾ ಅವರು ಹೇಳುವುದನ್ನು ರೆಕಾರ್ಡ್ ಮಾಡಿಕೊ. ಆ ರೆಕಾರ್ಡಿಂಗೂ ಚಿತ್ರಗಳೂ ಎರಡು ಬೇರೆ ಜಾಗದಲ್ಲಿ ಇರಲಿ, ಒಂದು ಪ್ರತಿ ನಿನ್ನ ಮನೆಯ ಹಾರ್ಡ್ ಡಿಸ್ಕಿನಲ್ಲಿ, ಇನ್ನೊಂದು ನಿನ್ನ ತಂಗಿಯ ಹತ್ತಿರ.

ಬೀಗರ ಪಾಸ್‌ಪೋರ್ಟ್ ಅವಧಿ, ಅವರ ಮಾತ್ರೆಗಳ ಪಟ್ಟಿ, ನೀನು ನೋಡಿಟ್ಟಿರುವ ಹಡಗಿನ ಮಾರ್ಗ, ಈ ಮೂರನ್ನು ಸಂಕ್ರಾಂತಿಯೊಳಗೆ ನನಗೆ ಕಳಿಸು. ಕೋಣೆಯ ನಕ್ಷೆ ನೋಡಿ ನಂಬರ್ ಹೇಳುತ್ತೇನೆ. ಮೇಘನಾಳಿಗೂ ಮಕ್ಕಳಿಗೂ ನನ್ನ ಆಶೀರ್ವಾದ ತಿಳಿಸು.

ಇಂತು ನಿನ್ನ ಪ್ರೀತಿಯ,
ದೊಡ್ಡಮ್ಮ