ಅವಳ ಹಾಡು ಅವಳಿಗಿರಲಿ ಬಿಡು

ಮೈಸೂರು

ಪ್ರೀತಿಯ ಗೆಳೆಯಾ,

ಮಗಳು ಹೈಸ್ಕೂಲಿಗೆ ಬಂದಮೇಲೆ ಇಡೀ ದಿನ ಇಯರ್‌ಫೋನ್ ಸಿಕ್ಕಿಸಿಕೊಂಡು ಕೊರಿಯನ್ ಹಾಡು ಕೇಳುತ್ತಾಳೆ, ನಮ್ಮ ಹಾಡು ಹಾಕಿದರೆ ಮುಖ ಸಿಂಡರಿಸುತ್ತಾಳೆ, ಇವಳ ಅಭಿರುಚಿ ಕೆಟ್ಟುಹೋಯ್ತು ಅಂತ ಬರೆದಿದ್ದೀಯ. ನನಗೆ ಹಾಗನ್ನಿಸುವುದಿಲ್ಲ ಕಣೋ.

ಅವಳ ವಯಸ್ಸಿನಲ್ಲಿ ನಾವೇನು ಮಾಡ್ತಿದ್ದೆವು? ಖಾಲಿ ಕ್ಯಾಸೆಟ್ ಕೊಂಡು, ಹಾಳೆಯಲ್ಲಿ ಹಾಡುಗಳ ಪಟ್ಟಿ ಬರೆದು ಮಂಡ್ಯದ ರೆಕಾರ್ಡಿಂಗ್ ಅಂಗಡಿಗೆ ಕೊಡುತ್ತಿದ್ದೆವು. 60 ನಿಮಿಷದ ಕ್ಯಾಸೆಟ್ಟು, ಒಂದೊಂದು ಕಡೆಗೆ ಅರ್ಧ ಗಂಟೆ. ಕೊನೆಯ ಹಾಡು ನಡುವೆ ಕಟ್ ಆಗದ ಹಾಗೆ ಲೆಕ್ಕ ಹಾಕುವುದರಲ್ಲಿ ನೀನು ಎತ್ತಿದ ಕೈ. ಮನೆಗೆ ತಂದ ಕೂಡಲೇ ಕ್ಯಾಸೆಟ್ಟಿನ ಬೆನ್ನಿನ ಮೇಲಿನ ಎರಡು ಪುಟ್ಟ ಪ್ಲಾಸ್ಟಿಕ್ ಚೂರುಗಳನ್ನು ಮುರಿದುಬಿಡುತ್ತಿದ್ದೆವು, ಅದರ ಮೇಲೆ ಯಾರೂ ಬೇರೆ ಹಾಡು ತುಂಬಿಸಬಾರದು ಅಂತ. ನಿಮ್ಮಣ್ಣ ಆ ತೂತುಗಳಿಗೆ ಗಮ್ ಟೇಪ್ ಅಂಟಿಸಿ ತನ್ನ ಹಾಡು ತುಂಬಿಸಿದಾಗ ನೀನು ಊಟ ಬಿಟ್ಟು ಮಲಗಿದ್ದೆ. ಆ ವಯಸ್ಸಿಗೆ ಹಾಡು ಅಷ್ಟು ಸ್ವಂತದ್ದು. ನಾನು ಇಂಥವನು, ನನ್ನ ಜೊತೆಯವರು ಇಂಥವರು ಅಂತ ಹೇಳಿಕೊಳ್ಳೋಕೆ ಕೈಯಲ್ಲಿ ಬೇರೇನಿರುತ್ತೆ ಹೇಳು?

ಹತ್ತರಿಂದ ಇಪ್ಪತ್ತೈದರ ನಡುವೆ ಕೇಳಿದ ಹಾಡು ಮುಪ್ಪಿನವರೆಗೂ ಗಟ್ಟಿಯಾಗಿ ಉಳಿಯುತ್ತೆ ಅನ್ನೋದು ಮನಶ್ಶಾಸ್ತ್ರದವರು ಮತ್ತೆ ಮತ್ತೆ ಕಂಡಿರುವ ವಿಷಯ. 2013ರಲ್ಲಿ ಅಮೆರಿಕದ ಕರೋಲ್ ಕ್ರುಮ್‌ಹಾನ್ಸಲ್ ಮತ್ತು ಜಸ್ಟಿನ್ ಜುಪ್ನಿಕ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಇಪ್ಪತ್ತರ ಆಸುಪಾಸಿನ ಹುಡುಗ ಹುಡುಗಿಯರಿಗೆ ಹಲವು ದಶಕಗಳ ಹಾಡು ಕೇಳಿಸಿದರು. ತಮ್ಮ ಕಾಲದ ಹಾಡು ಇಷ್ಟವಾಗಿದ್ದು ಸರಿ. ಅಪ್ಪ ಅಮ್ಮ ಯೌವನದಲ್ಲಿದ್ದ 1980ರ ಸುಮಾರಿನ ಹಾಡುಗಳೂ ಅವರಿಗೆ ಗೊತ್ತಿದ್ದವು, ಹಿಡಿಸಿದವು. ಅದಕ್ಕೂ ಹಿಂದಿನ 1960ರ ದಶಕದವೂ ಅಷ್ಟೇ. ಕೂರಿಸಿ ಕೇಳಿಸಿದ್ದರಿಂದ ಬಂದದ್ದಲ್ಲ ಅದು, ಮನೆಯಲ್ಲಿ ಸುಮ್ನೆ ಕಿವಿಗೆ ಬಿದ್ದು ಉಳಿದದ್ದು ಅಂತ ನನ್ನ ಎಣಿಕೆ.

ನಿನ್ನನ್ನೇ ನೋಡು. ಮಂಟೇಸ್ವಾಮಿ ಒಕ್ಕಲಿನ ನಿಮ್ಮನೆ ಜಗಲಿಯಲ್ಲಿ, ಮಂಟೇಸ್ವಾಮಿ ಕಥೆ ಹಾಡುವ ನೀಲಗಾರರು ತಂಬೂರಿ, ಗಗ್ಗರ, ಡಕ್ಕಿ ಹಿಡಿದು ರಾತ್ರಿಯೆಲ್ಲ ಕಥೆ ಮಾಡುತ್ತಿದ್ದರೆ ನಾವು ಅರ್ಧ ರಾತ್ರಿಗೇ ನಿಮ್ಮ ತಾತನ ಕಂಬಳಿಯೊಳಗೆ ನಿದ್ದೆ ಹೊಡೆಯುತ್ತಿದ್ದೆವು. ಹೋದ ಶಿವರಾತ್ರಿಗೆ ಕಪ್ಪಡಿ ಜಾತ್ರೆಯಲ್ಲಿ, ಹೊಳೆ ದಂಡೆಯಲ್ಲಿ ಅವರು ಹಾಡುತ್ತಿದ್ದಾಗ ನೀನು ಹಿಮ್ಮೇಳದವರ ಜೊತೆ ಸೊಲ್ಲು ಎತ್ತಿದೆಯಲ್ಲ, ಒಂದಕ್ಷರ ತಪ್ಪಲಿಲ್ಲ. ಅದನ್ನು ನಿನಗೆ ಯಾರು ಕಲಿಸಿದರು?

ನನಗೆ ವೀಣೆ ಹಿಡಿಸಿದ್ದು ನಲವತ್ತು ದಾಟಿದ ಮೇಲೆ. ಒಂಟಿಕೊಪ್ಪಲಿನ ಬಾಡಿಗೆ ಮನೆಯಲ್ಲಿದ್ದಾಗ ಮಹಡಿಯಲ್ಲಿ ಮಾಲೀಕರ ಸೊಸೆ ದಿನಾ ಬೆಳಿಗ್ಗೆ ಅಭ್ಯಾಸ ಮಾಡುತ್ತಿದ್ದರು. ವರ್ಣ ಅಂತಾರಲ್ಲ, ಕಲಿಯುವವರು ನುಡಿಸುವ ರಚನೆ, ದಿನಾ ಅದೇ ಒಂದು, ತಪ್ಪಿದ ಕಡೆ ಮತ್ತೆ ಅದೇ ಸಾಲು. ಒಂದು ಭಾನುವಾರ ಅದು ಕೇಳಿಸದೇ ಹೋದಾಗ ಏನೋ ಕಳೆದುಕೊಂಡ ಹಾಗಾಯ್ತು.

ಹೊಸದು ಬಂತು ಅಂತ ಹಳೆಯದು ಹೋಗಲೇಬೇಕು ಅಂತಿಲ್ಲ. ನಮ್ಮ ಜಯಚಾಮರಾಜ ಒಡೆಯರ್ ಪಿಯಾನೋ ಕಲಿತವರು. 1940ರ ದಶಕದ ಕೊನೆಯಲ್ಲಿ ರಷ್ಯದ ಸಂಗೀತ ರಚನೆಕಾರ ನಿಕೊಲಾಯ್ ಮೆಟ್ನರ್ ಕೃತಿಗಳನ್ನು ಲಂಡನ್ನಿನಲ್ಲಿ ರೆಕಾರ್ಡ್ ಮಾಡಿಸಲು ದುಡ್ಡು ಕೊಟ್ಟರು. ಅದೇ ದಶಕದಲ್ಲಿ ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನೂ ರಚಿಸಿದರು. ಎರಡೂ ಅವರವೇ.

ನನಗೆ ಚಿಂತೆ ಇರೋದು ಇಯರ್‌ಫೋನಿನದ್ದು. ಮೊದಲು ಮನೆಯಲ್ಲಿ ಒಂದೇ ರೇಡಿಯೋ. ಬೇಕೋ ಬೇಡವೋ ಎಲ್ಲರಿಗೂ ಎಲ್ಲವೂ ಕೇಳುತ್ತಿತ್ತು. ಈಗ ನಾಲ್ಕು ಜನ ನಾಲ್ಕು ಮೂಲೆಯಲ್ಲಿ. ಅವಳ ಹಾಡು ನಿನಗೆ ಕೇಳಿಸುವುದಿಲ್ಲ, ನಿನ್ನದು ಅವಳಿಗೆ ಕೇಳಿಸುವುದಿಲ್ಲ. ಅದಕ್ಕೇ ಅಡುಗೆಮನೆಯಲ್ಲೊಂದು ಸ್ಪೀಕರ್ ಇಡು. ಕೇಳು ಅಂತ ಹೇಳಬೇಡ, ನಿನ್ನ ಪಾಡಿಗೆ ಹಾಕಿಕೋ. ಕಾರಿನಲ್ಲಿ ಹೋಗುವಾಗ ಅವಳ ಹಾಡು ಅವಳೇ ಹಾಕಲಿ. ಯಾವುದು ಯಾಕೆ ಇಷ್ಟ ಅಂತ ನಿಜವಾಗಿ ಕೇಳು, ಖುಷಿಯಿಂದ ಹೇಳ್ತಾಳೆ.

ಗಣೇಶನ ಹಬ್ಬಕ್ಕೆ ಅವಳನ್ನೂ ಕರ್ಕೊಂಡು ಬಾ. ಒಂಟಿಕೊಪ್ಪಲು ಎಂಟನೇ ಕ್ರಾಸಿನಲ್ಲಿ ಸಂಗೀತ ಕಛೇರಿ ಇರುತ್ತೆ. ಅರ್ಧಕ್ಕೆ ಎದ್ದು ಹೋಗ್ತೀನಿ ಅಂದರೆ ಹೋಗಲಿ. ನಮ್ಮನೆ ಅಲ್ಲಿಂದ ನಡೆಯೋ ದೂರ, ನನ್ನ ಹೆಂಡತಿ ಬಾಗಿಲು ತೆರೆದಿಟ್ಟಿರುತ್ತಾಳೆ.

ನಿನ್ನ
ಗೆಳೆಯ